ಜನರಿಲ್ಲದ ನೆಲಕ್ಕೂ ಒಬ್ಬ ಒಡೆಯ

(ಭೂಗೋಳ ವಿದ್ಯಾರ್ಥಿಗಳ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



2025ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳ ಸರಕಿನ ಮೇಲೂ ಆಮದು ಸುಂಕ ಘೋಷಿಸಿದ್ದು ನಿಮಗೆ ನೆನಪಿರಬಹುದು. ಆ ಪಟ್ಟಿಯಲ್ಲಿ ಭಾರತವಿತ್ತು, ಚೀನಾ ಇತ್ತು, ವಿಯೆಟ್ನಾಂ ಇತ್ತು. ಅವುಗಳ ಜತೆಗೆ ‘ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳು’ ಎಂಬ ಹೆಸರೂ ಇತ್ತು. ಸುಂಕ ಶೇ 10. ಅಲ್ಲಿ ಇರುವುದು ಪೆಂಗ್ವಿನ್‌ಗಳು, ಸೀಲ್‌ಗಳು ಮತ್ತು ಕಡಲ ಹಕ್ಕಿಗಳು. ಒಬ್ಬನೇ ಒಬ್ಬ ಮನುಷ್ಯ ಇಲ್ಲ.

ನಮ್ಮ ಡೆಸ್ಕಿನಲ್ಲಿ ಎಲ್ಲರೂ ನಕ್ಕೆವು. ಪೆಂಗ್ವಿನ್‌ಗಳಿಗೂ ಸುಂಕದ ಬಿಸಿ ಎಂದು ನಾನೇ ಒಂದು ಬಾಕ್ಸ್ ಸುದ್ದಿ ಬರೆದೆ. ಮರುದಿನ ಹಿರಿಯ ಓದುಗರೊಬ್ಬರು ಫೋನ್ ಮಾಡಿ, ‘ಅದೆಲ್ಲ ಸರಿಯಪ್ಪಾ, ಆದರೆ ಜನರೇ ಇಲ್ಲದ ದ್ವೀಪ ದೇಶಗಳ ಪಟ್ಟಿಗೆ ಹೇಗೆ ಬಂತು? ಅದನ್ನು ನೀನು ಬರೆಯಲೇ ಇಲ್ಲವಲ್ಲ’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಇವತ್ತಿನ ಮಾತಿಗೆ ಆ ಪ್ರಶ್ನೆಯೇ ಮೂಲ.

ನೇರ ಉತ್ತರ ಬಹಳ ಚಿಕ್ಕದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ದೇಶಗಳಿಗೂ ಪ್ರತ್ಯೇಕ ಭೂಪ್ರದೇಶಗಳಿಗೂ ಎರಡು ಅಕ್ಷರದ ಸಂಕೇತ ಕೊಡುತ್ತದೆ. ಭಾರತಕ್ಕೆ ‘ಐಎನ್’ ಇದ್ದಂತೆ ಹರ್ಡ್ ದ್ವೀಪಕ್ಕೆ ‘ಎಚ್‌ಎಂ’ ಇದೆ. ಕಸ್ಟಮ್ಸ್ ಇಲಾಖೆಗಳು, ಅಂಚೆ, ಬ್ಯಾಂಕು, ಕಂಪ್ಯೂಟರು ಎಲ್ಲವೂ ಈ ಸಂಕೇತದ ಮೇಲೆ ನಡೆಯುತ್ತವೆ. ವಿಶ್ವಬ್ಯಾಂಕಿನ ಅಂಕಿಅಂಶಗಳನ್ನು ನೋಡಿದರೆ 2022ರಲ್ಲಿ ಅಮೆರಿಕ ಈ ದ್ವೀಪಗಳಿಂದ ಸುಮಾರು 14 ಲಕ್ಷ ಡಾಲರ್ ಬೆಲೆಯ ಸರಕು ತರಿಸಿಕೊಂಡಿದೆ. ಬಹುಪಾಲು ಯಂತ್ರೋಪಕರಣ ಮತ್ತು ವಿದ್ಯುತ್ ಸಾಮಗ್ರಿ! ಪೆಂಗ್ವಿನ್‌ಗಳು ಕಾರ್ಖಾನೆ ತೆರೆದಿಲ್ಲ. ಎಲ್ಲೋ ಯಾವುದೋ ಗುಮಾಸ್ತ ತಪ್ಪು ಸಂಕೇತ ಬರೆದಿರಬೇಕು, ಅಷ್ಟೆ. ಆದರೆ ಸಂಕೇತ ಏಕಿದೆ, ಆ ನೆಲಕ್ಕೆ ಒಡೆಯನೆಂಬುವನು ಏಕಿದ್ದಾನೆ ಎಂದು ಕೇಳುತ್ತ ಹೋದರೆ ಇನ್ನೂರು ವರ್ಷಗಳ ಇತಿಹಾಸ ತೆರೆದುಕೊಳ್ಳುತ್ತದೆ.

ಮೊದಲು ಈ ಹರ್ಡ್ ದ್ವೀಪವನ್ನೇ ನೋಡೋಣ. ಆಸ್ಟ್ರೇಲಿಯದ ಪರ್ತ್ ನಗರದಿಂದ ನೈರುತ್ಯಕ್ಕೆ ಸುಮಾರು 4,000 ಕಿ.ಮೀ. ದೂರ. ಅಂಟಾರ್ಕ್ಟಿಕದಿಂದ ಸುಮಾರು 1,700 ಕಿ.ಮೀ. ವಿಸ್ತೀರ್ಣ 368 ಚದರ ಕಿ.ಮೀ. ನೆಲದ ಬಹುಭಾಗ ಹಿಮನದಿಗಳ ಕೆಳಗಿದೆ. ಆ ಹಿಮದ ನಡುವೆ ಉರಿಯುವ ಜ್ವಾಲಾಮುಖಿ. ಅದರ ತುದಿ ಮಾಸನ್ ಶಿಖರದ ಎತ್ತರ 2,745 ಮೀಟರ್. ಆಸ್ಟ್ರೇಲಿಯ ಖಂಡದ ಅತಿ ಎತ್ತರದ ಕೊಸಿಯಸ್ಕೊ ಶಿಖರ 2,228 ಮೀಟರ್ ಮಾತ್ರ. ಪಕ್ಕದ ಮೆಕ್‌ಡೊನಾಲ್ಡ್ ದ್ವೀಪವಂತೂ 1990ರ ದಶಕದಲ್ಲಿ ಲಾವಾ ಉಕ್ಕಿ ತನ್ನ ವಿಸ್ತೀರ್ಣವನ್ನೇ ಎರಡು ಪಟ್ಟು ಮಾಡಿಕೊಂಡಿತು. ಇದು ಗೊತ್ತಾದದ್ದು ಉಪಗ್ರಹದ ಚಿತ್ರಗಳಿಂದ.

1853ರಲ್ಲಿ ಜಾನ್ ಹರ್ಡ್ ಎಂಬ ಅಮೆರಿಕದ ಹಡಗು ಕಪ್ತಾನ ಇದನ್ನು ಕಂಡ. ಎರಡೇ ವರ್ಷದಲ್ಲಿ ಸೀಲ್ ಬೇಟೆಗಾರರು ಬಂದಿಳಿದರು. ಸೀಲ್‌ಗಳ ಕೊಬ್ಬು ಕರಗಿಸಿ ಎಣ್ಣೆ ತೆಗೆಯುವುದು ಅವರ ಕಸುಬು. ಮೂರು ದಶಕಗಳಲ್ಲಿ ಸೀಲ್‌ಗಳು ಬಹುತೇಕ ಮುಗಿದವು, ಬೇಟೆಗಾರರೂ ಹೊರಟುಹೋದರು. 1947ರ ಡಿಸೆಂಬರ್ 26ರಂದು ಬ್ರಿಟನ್ ಈ ದ್ವೀಪಗಳನ್ನು ಆಸ್ಟ್ರೇಲಿಯಕ್ಕೆ ಬಿಟ್ಟುಕೊಟ್ಟಿತು. ಆಸ್ಟ್ರೇಲಿಯ ಒಂದು ಸಂಶೋಧನಾ ಠಾಣೆ ಕಟ್ಟಿ 1955ರಲ್ಲಿ ಮುಚ್ಚಿತು. 1997ರಲ್ಲಿ ಇವು ವಿಶ್ವ ಪರಂಪರೆಯ ತಾಣಗಳ ಪಟ್ಟಿ ಸೇರಿದವು. ಅವುಗಳ ಸ್ಥಾನಮಾನ ಆಸ್ಟ್ರೇಲಿಯದ ‘ಹೊರ ಪ್ರದೇಶ’. ಅಂದರೆ ಯಾವ ರಾಜ್ಯಕ್ಕೂ ಸೇರದೆ ನೇರ ಕೇಂದ್ರ ಸರ್ಕಾರದ ಕೈಯಲ್ಲಿರುವ ನೆಲ.

ಕಾಣೆಯಾಗುತ್ತಿದ್ದ ದ್ವೀಪ

ಹರ್ಡ್ ದೂರ ಎಂದರೆ ಬೂವೆ ಇನ್ನೂ ದೂರ. ದಕ್ಷಿಣ ಅಟ್ಲಾಂಟಿಕ್‌ನಲ್ಲಿರುವ ಈ ದ್ವೀಪದ ವಿಸ್ತೀರ್ಣ 49 ಚದರ ಕಿ.ಮೀ. ಅದರಲ್ಲಿ ಶೇ 93ರಷ್ಟು ಹಿಮ. ಸುತ್ತ ಕಡಿದಾದ ಬಂಡೆ. ಹಡಗು ನಿಲ್ಲಿಸಲು ಬಂದರಿಲ್ಲ. ಯಾವ ದಿಕ್ಕಿಗೆ ಹೊರಟರೂ ಸುಮಾರು 1,600 ಕಿ.ಮೀ. ದಾಟುವವರೆಗೆ ನೆಲ ಸಿಕ್ಕುವುದಿಲ್ಲ. ಭೂಮಿಯ ಮೇಲೆ ಇಷ್ಟು ಒಂಟಿಯಾದ ದ್ವೀಪ ಇನ್ನೊಂದಿಲ್ಲ ಎಂದೇ ಇದರ ಖ್ಯಾತಿ.

1739ರ ಜನವರಿ 1ರಂದು ಬೂವೆ ಡ ಲೋಜಿಯೆ ಎಂಬ ಫ್ರೆಂಚ್ ನಾವಿಕ ಇದನ್ನು ಮಂಜಿನ ನಡುವೆ ಕಂಡ. ದಕ್ಷಿಣದಲ್ಲಿ ಒಂದು ದೊಡ್ಡ ಖಂಡವಿದೆ, ಇದು ಅದರ ತುದಿ ಎಂದು ಅವನು ಭಾವಿಸಿದ. ಆ ಕಾಲದಲ್ಲಿ ರೇಖಾಂಶ ಅಳೆಯುವ ನಂಬಿಕಸ್ತ ಗಡಿಯಾರ ಇರಲಿಲ್ಲ. ಹಾಗಾಗಿ ಅವನು ಗುರುತಿಸಿದ ಜಾಗವೇ ತಪ್ಪಿತ್ತು. ಮುಂದೆ ಜೇಮ್ಸ್ ಕುಕ್‌ನಂಥ ಕುಕ್ ಹುಡುಕಿದರೂ ದ್ವೀಪ ಸಿಗಲಿಲ್ಲ. 1808ರಲ್ಲಿ ಬ್ರಿಟಿಷ್ ತಿಮಿಂಗಿಲ ಬೇಟೆಯ ಹಡಗುಗಳು ಕಂಡವು, ಇಳಿಯಲಾಗಲಿಲ್ಲ. 1825ರಲ್ಲಿ ಜಾರ್ಜ್ ನಾರಿಸ್ ಇದಕ್ಕೆ ಲಿವರ್‌ಪೂಲ್ ದ್ವೀಪ ಎಂದು ಹೆಸರಿಟ್ಟು ಬ್ರಿಟನ್ನಿನದೆಂದು ಸಾರಿದ. ಅಷ್ಟೇ ಅಲ್ಲ, ಪಕ್ಕದಲ್ಲಿ ಇನ್ನೊಂದು ದ್ವೀಪ ಕಂಡೆನೆಂದೂ ಬರೆದಿಟ್ಟ. ಆ ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ! ಬೂವೆಯ ನಿಖರ ಜಾಗ ನಕ್ಷೆಯಲ್ಲಿ ಕೂತದ್ದು 1898ರಲ್ಲಿ, ಜರ್ಮನಿಯ ವಾಲ್ಡಿವಿಯ ಹಡಗಿನ ವಿಜ್ಞಾನಿಗಳಿಂದ.

ಕೊನೆಗೆ ಒಡೆತನ ಸಿಕ್ಕಿದ್ದು ಕಂಡ ಫ್ರಾನ್ಸಿಗೂ ಅಲ್ಲ, ಹೆಸರಿಟ್ಟ ಬ್ರಿಟನ್ನಿಗೂ ಅಲ್ಲ, ಅಳೆದ ಜರ್ಮನಿಗೂ ಅಲ್ಲ. 1927ರ ಡಿಸೆಂಬರ್ 1ರಂದು ನಾರ್ವೆಯ ನಾರ್ವೆಜಿಯ ಹಡಗಿನವರು ಇಳಿದು ಧ್ವಜ ಹಾರಿಸಿದರು. ಆ ಯಾನಕ್ಕೆ ದುಡ್ಡು ಹಾಕಿದವನು ಲಾರ್ಸ್ ಕ್ರಿಸ್ಟೆನ್ಸೆನ್ ಎಂಬ ತಿಮಿಂಗಿಲ ಉದ್ಯಮಿ. ದಕ್ಷಿಣದ ಕಡಲಿನಲ್ಲಿ ಬೇಟೆಯಾಡಲು ಬ್ರಿಟನ್ನಿಗೆ ಪರವಾನಗಿ ಶುಲ್ಕ ಕಟ್ಟಿ ಕಟ್ಟಿ ಬೇಸತ್ತಿದ್ದ ನಾರ್ವೆಯವರಿಗೆ ತಮ್ಮದೇ ಒಂದು ನೆಲ ಬೇಕಿತ್ತು. ಬ್ರಿಟನ್ ಸ್ವಲ್ಪ ಗೊಣಗಿ 1928ರಲ್ಲಿ ಹಕ್ಕು ಬಿಟ್ಟಿತು. 1930ರಲ್ಲಿ ನಾರ್ವೆಯ ಸಂಸತ್ತು ಬೂವೆಯನ್ನು ‘ಅಧೀನ ಪ್ರದೇಶ’ ಎಂದು ಕಾಯ್ದೆ ಮಾಡಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ನಾರ್ವೆಜಿಯ ಹಡಗು 1929ರಲ್ಲಿ ಒಂದನೇ ಪೀಟರ್ ಎಂಬ ಇನ್ನೊಂದು ನಿರ್ಜನ ದ್ವೀಪದಲ್ಲೂ ಧ್ವಜ ನೆಟ್ಟಿತು. ಒಡೆಯ ಒಬ್ಬನೇ, ಎರಡೂ ಜ್ವಾಲಾಮುಖಿ ದ್ವೀಪಗಳೇ, ಎರಡೂ ಹಿಮದಲ್ಲಿ ಮುಳುಗಿರುವವೇ. ಆದರೆ ಬೂವೆ ಇರುವುದು 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಪೀಟರ್ ಇರುವುದು 68 ಡಿಗ್ರಿಯಲ್ಲಿ. 1959ರ ಅಂಟಾರ್ಕ್ಟಿಕ ಒಪ್ಪಂದ 60 ಡಿಗ್ರಿಯಿಂದ ಕೆಳಗಿನ ಎಲ್ಲ ಹಕ್ಕುಗಳನ್ನೂ ಇದ್ದಲ್ಲೇ ತಡೆಹಿಡಿಯಿತು. ಹೊಸ ಹಕ್ಕು ಹೂಡುವಂತಿಲ್ಲ, ಹಳೆಯದನ್ನು ಬಿಡಬೇಕಾಗಿಯೂ ಇಲ್ಲ. ಹೀಗಾಗಿ ಬೂವೆ ನಾರ್ವೆಯ ಸ್ವತ್ತು ಎಂಬುದರಲ್ಲಿ ತಕರಾರಿಲ್ಲ. ಪೀಟರ್ ದ್ವೀಪ ಮಾತ್ರ ಸಿವಿಲ್ ಕೋರ್ಟಿನ ತಡೆಯಾಜ್ಞೆಯಲ್ಲಿರುವ ಜಮೀನಿನ ಹಾಗೆ. ದ್ವೀಪದ ಭವಿಷ್ಯವನ್ನು ಅದರ ಮಣ್ಣಲ್ಲ, ನಕ್ಷೆಯ ಮೇಲಿನ ಒಂದು ಗೆರೆ ತೀರ್ಮಾನಿಸಿತು.

ಎರಡೂಕಾಲು ಕರ್ನಾಟಕ

ಇಷ್ಟೆಲ್ಲ ಕಷ್ಟಪಟ್ಟು ಈ ಬಂಡೆಗಳನ್ನು ಹಿಡಿದುಕೊಳ್ಳುವುದು ಯಾಕೆ? ಹಿಂದೆ ಸೀಲ್ ಎಣ್ಣೆ, ತಿಮಿಂಗಿಲದ ಎಣ್ಣೆ, ಹಕ್ಕಿಯ ಹಿಕ್ಕೆ. ಈಗಿನ ಉತ್ತರ ನೀರಿನಲ್ಲಿದೆ.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿವರೆಗೆ ಒಂದು ದೇಶದ ಪ್ರಾದೇಶಿಕ ಸಮುದ್ರ. 200 ನಾಟಿಕಲ್ ಮೈಲಿವರೆಗೆ ಅದರ ವಿಶೇಷ ಆರ್ಥಿಕ ವಲಯ. ಆ ವಲಯದ ಮೀನು, ತೈಲ, ಅನಿಲ, ಖನಿಜ ಎಲ್ಲದರ ಮೇಲೂ ಆ ದೇಶಕ್ಕೆ ಮಾತ್ರ ಹಕ್ಕು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಹೈಸ್ಕೂಲಿನ ಲೆಕ್ಕ ಸಾಕು. ತೆರೆದ ಸಮುದ್ರದ ನಡುವೆ ಒಂದು ಚುಕ್ಕೆಯಷ್ಟು ದ್ವೀಪವಿದ್ದರೂ ಅದರ ಸುತ್ತ ಸುಮಾರು 4,31,000 ಚದರ ಕಿ.ಮೀ. ವೃತ್ತ ಸಿಕ್ಕುತ್ತದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಅಂದರೆ ಒಂದು ಬಂಡೆಗೆ ಎರಡೂಕಾಲು ಕರ್ನಾಟಕದಷ್ಟು ಕಡಲು!

ಈ ಕಡಲಿನ ಬೆಲೆ ಏನೆಂಬುದಕ್ಕೆ ಹರ್ಡ್ ದ್ವೀಪದ ಸುತ್ತ ನಡೆದ ಒಂದು ಪ್ರಸಂಗ ಸಾಕು. ಅಲ್ಲಿನ ಆಳದ ನೀರಿನಲ್ಲಿ ಪಟಗೋನಿಯನ್ ಟೂತ್‌ಫಿಶ್ ಎಂಬ ಮೀನಿದೆ. ಅಮೆರಿಕ, ಜಪಾನಿನ ಹೋಟೆಲುಗಳಲ್ಲಿ ಅದಕ್ಕೆ ಭಾರಿ ದರ. 2003ರ ಆಗಸ್ಟಿನಲ್ಲಿ ವಿಯಾರ್ಸಾ ಎಂಬ ಉರುಗ್ವೆ ಧ್ವಜದ ಹಡಗು ಅಲ್ಲಿ ಕದ್ದು ಮೀನು ಹಿಡಿಯುತ್ತಿದೆ ಎಂದು ಆಸ್ಟ್ರೇಲಿಯದ ಗಸ್ತು ಹಡಗು ಬೆನ್ನಟ್ಟಿತು. ಹಿಮಗಡ್ಡೆಗಳ ನಡುವೆ, ಬಿರುಗಾಳಿಯಲ್ಲಿ, 21 ದಿನ, 3,900 ನಾಟಿಕಲ್ ಮೈಲಿ! ಕೊನೆಗೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ದಕ್ಷಿಣ ಆಫ್ರಿಕ ಮತ್ತು ಬ್ರಿಟನ್ನಿನ ನೆರವಿನಿಂದ ಹಿಡಿದರು. ವಿಚಾರಣೆ ನಡೆದದ್ದು ಪರ್ತ್‌ನಲ್ಲಿ. 2005ರಲ್ಲಿ ನ್ಯಾಯಮಂಡಲಿ ಹಡಗಿನವರನ್ನು ಖುಲಾಸೆ ಮಾಡಿತು. ಹಡಗು ಆರ್ಥಿಕ ವಲಯದೊಳಗೇ ಬಲೆ ಬಿಟ್ಟಿತ್ತೆಂದು ಸಂಶಯಾತೀತವಾಗಿ ಸಾಬೀತಾಗಲಿಲ್ಲ. ಕಾವಲುಗಾರನೇ ಇಲ್ಲದ ಹೊಲದ ಪಾಡು ಇದು. ಹರ್ಡ್‌ಗೆ ಸುಮಾರು 450 ಕಿ.ಮೀ. ದೂರದ ಕರ್ಗುಲೆನ್ ಫ್ರಾನ್ಸಿನದು. ಇಬ್ಬರಿಗೂ ಇದೇ ತಲೆನೋವು. ಅದಕ್ಕೇ 2003 ಮತ್ತು 2007ರಲ್ಲಿ ಎರಡೂ ದೇಶಗಳು ಜಂಟಿ ಕಾವಲಿನ ಒಪ್ಪಂದ ಮಾಡಿಕೊಂಡವು.

ಆದರೆ ಕಾನೂನು ಬರೆದವರು ದಡ್ಡರಲ್ಲ. ಅದೇ ಒಪ್ಪಂದದ 121ನೇ ವಿಧಿಯ ಮೂರನೇ ಉಪವಿಧಿಯಲ್ಲಿ ಒಂದು ಬೀಗ ಹಾಕಿದ್ದಾರೆ. ಮನುಷ್ಯವಾಸಕ್ಕಾಗಲೀ ಸ್ವಂತ ಆರ್ಥಿಕ ಜೀವನಕ್ಕಾಗಲೀ ಆಧಾರವಾಗದ ಬಂಡೆಗೆ 12 ಮೈಲಿ ಸಮುದ್ರ ಮಾತ್ರ; 200 ಮೈಲಿಯ ವಲಯ ಇಲ್ಲ. ಹಾಗಾದರೆ ಯಾವುದು ದ್ವೀಪ, ಯಾವುದು ಬಂಡೆ? ಜಗಳವೆಲ್ಲ ಇಲ್ಲೇ.

ಇಬ್ಬರು ಒಡೆಯರು ಇದಕ್ಕೆ ಎರಡು ಬಗೆಯ ಉತ್ತರ ಕೊಟ್ಟಿದ್ದಾರೆ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾದಿಂದ ಪಶ್ಚಿಮಕ್ಕೆ 300 ಕಿ.ಮೀ. ದೂರದಲ್ಲಿ ರಾಕಾಲ್ ಎಂಬ ಗ್ರಾನೈಟ್ ಮೊನೆಯಿದೆ. ಎತ್ತರ 17 ಮೀಟರ್, ಅಗಲ 25 ಮೀಟರ್. 1955ರ ಸೆಪ್ಟೆಂಬರ್ 18ರಂದು ಬ್ರಿಟಿಷ್ ನೌಕಾಪಡೆ ಹೆಲಿಕಾಪ್ಟರಿನಿಂದ ನಾಲ್ವರನ್ನು ಇಳಿಸಿ ಧ್ವಜ ನೆಡಿಸಿತು. ತನ್ನ ಕ್ಷಿಪಣಿ ಪರೀಕ್ಷೆಯನ್ನು ಸೋವಿಯತ್ ಒಕ್ಕೂಟ ಅಲ್ಲಿ ಕೂತು ನೋಡಬಹುದೆಂಬ ಭಯ! 1972ರಲ್ಲಿ ಕಾಯ್ದೆ ಮಾಡಿ ಆ ಬಂಡೆಯನ್ನು ಸ್ಕಾಟ್ಲೆಂಡಿನ ಇನ್ವರ್ನೆಸ್ ಜಿಲ್ಲೆಗೆ ಸೇರಿಸಿದರು. ಅದರ ಮೇಲೆ ಜನ ಇದ್ದು ತೋರಿಸಿದ್ದೂ ಉಂಟು. 1985ರಲ್ಲಿ ಒಬ್ಬರು 40 ದಿನ, 1997ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯವರು 42 ದಿನ, 2014ರಲ್ಲಿ ಇನ್ನೊಬ್ಬರು 45 ದಿನ. ಆದರೂ 1997ರಲ್ಲಿ ಸಮುದ್ರ ಕಾನೂನಿಗೆ ಸಹಮತಿ ಕೊಟ್ಟಾಗ ಬ್ರಿಟನ್ ತಾನಾಗಿಯೇ ರಾಕಾಲ್ ಸುತ್ತಲಿನ 200 ಮೈಲಿ ಹಕ್ಕನ್ನು ಕೈಬಿಟ್ಟಿತು. 12 ಮೈಲಿಯನ್ನು ಬಿಟ್ಟಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ, 2021ರ ಜನವರಿಯಲ್ಲಿ, ಐರ್ಲೆಂಡಿನ ಮೀನುಗಾರಿಕೆ ದೋಣಿಯೊಂದನ್ನು ಅಲ್ಲಿ ತಡೆದದ್ದು ಸುದ್ದಿಯಾಯಿತು.

ಜಪಾನಿನದು ಬೇರೆಯೇ ದಾರಿ. ಟೋಕಿಯೊದಿಂದ ದಕ್ಷಿಣಕ್ಕೆ 1,740 ಕಿ.ಮೀ. ದೂರದ ಒಕಿನೊತೊರಿಶಿಮಾದಲ್ಲಿ ಉಬ್ಬರದ ವೇಳೆ ನೀರಿನ ಮೇಲೆ ಉಳಿಯುವುದು ಎರಡೇ ಬಂಡೆ. ಎರಡೂ ಸೇರಿ ಹತ್ತು ಚದರ ಮೀಟರ್ ಕೂಡ ಇಲ್ಲ. ನಮ್ಮ ಹಾಸ್ಟೆಲ್ ಕೋಣೆ ಅದಕ್ಕಿಂತ ದೊಡ್ಡದಿತ್ತು. ಅಲೆಗೆ ಸವೆದು ಹೋಗದಂತೆ 1987ರಿಂದ ಜಪಾನ್ ಅವುಗಳ ಸುತ್ತ ಉಕ್ಕು, ಕಾಂಕ್ರೀಟಿನ ಕೋಟೆ ಕಟ್ಟಿದೆ. ಆಡಳಿತದ ಮಟ್ಟಿಗೆ ಅದು ಟೋಕಿಯೊ ಮಹಾನಗರಕ್ಕೇ ಸೇರಿದೆ. ಅದರ ಹೆಸರಿನಲ್ಲಿ ಜಪಾನ್ ಕೇಳುವ ಕಡಲು ಇಡೀ ಜಪಾನಿನ ನೆಲಕ್ಕಿಂತ ದೊಡ್ಡದು. ಚೀನಾ ಮತ್ತು ದಕ್ಷಿಣ ಕೊರಿಯ ಇದನ್ನು ಒಪ್ಪುವುದಿಲ್ಲ. ಇಲ್ಲಿ ಬಂಡೆ ಎಂದು ವಾದಿಸುವ ಚೀನಾ ದಕ್ಷಿಣ ಚೀನಾ ಸಮುದ್ರದಲ್ಲಿ ತಾನೇ ಬಂಡೆಗಳ ಮೇಲೆ ಮಣ್ಣು ಸುರಿದು ರನ್‌ವೇ ಮಾಡಿಕೊಂಡಿದೆ ಎಂಬುದು ಬೇರೆ ಮಾತು. 2016ರ ಜುಲೈ 12ರಂದು ಫಿಲಿಪ್ಪೀನ್ಸ್ ದೂರಿನ ಮೇಲೆ ಅಂತರರಾಷ್ಟ್ರೀಯ ನ್ಯಾಯಮಂಡಲಿ ತೀರ್ಪು ಕೊಟ್ಟಿತು. ಹೊರಗಿನಿಂದ ಅನ್ನ ನೀರು ತರಿಸಿಕೊಂಡು ಬದುಕುವ ಸೈನಿಕರು ‘ಮನುಷ್ಯವಾಸ’ ಆಗುವುದಿಲ್ಲ, ಅಲ್ಲಿಯೇ ನೆಲೆಯೂರಿದ ಜನಸಮುದಾಯ ಬೇಕು ಎಂದಿತು. ಬಾವಿ, ಮರಗಳಿರುವ ಇಟು ಅಬಾ ಕೂಡ ಅದರ ಕಣ್ಣಲ್ಲಿ ಬಂಡೆಯೇ. ಚೀನಾ ತೀರ್ಪನ್ನು ತಿರಸ್ಕರಿಸಿತು. ಬೇರೆ ಒಡೆಯರು ತಮಗೆ ಸಂಬಂಧವಿಲ್ಲವೆಂಬಂತೆ ಸುಮ್ಮನಿದ್ದಾರೆ. ಆ ಅಳತೆಗೋಲು ಹಿಡಿದರೆ ಹಲವರ ವೃತ್ತಗಳು ಕರಗಿಹೋಗುತ್ತವೆ.

ಒಂದು ಪತ್ರಿಕಾ ಪ್ರಕಟಣೆಯ ತೂಕ

ಹಾಗೆ ಕರಗಬಹುದಾದ ವೃತ್ತಗಳಲ್ಲಿ ಒಂದು ಕ್ಲಿಪ್ಪರ್ಟನ್‌ನದು. ಮೆಕ್ಸಿಕೊದ ಕರಾವಳಿಯಿಂದ ಸುಮಾರು 1,100 ಕಿ.ಮೀ. ದೂರದ ಹವಳದ ಉಂಗುರ. ನೆಲ ಎರಡು ಚದರ ಕಿ.ಮೀ. ಆಸುಪಾಸು. ಈ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪತ್ರಕರ್ತನಾದವನಿಗೆ ಇದರಲ್ಲಿ ಒಂದು ಸ್ವಂತ ಖುಷಿಯೂ ಇದೆ.

1858ರ ನವೆಂಬರ್ 17ರಂದು ಫ್ರಾನ್ಸಿನ ನೌಕಾಧಿಕಾರಿಯೊಬ್ಬ ಹಡಗಿನಲ್ಲೇ ನಿಂತು ಈ ದ್ವೀಪ ಮೂರನೇ ನೆಪೋಲಿಯನ್ ಚಕ್ರವರ್ತಿಯದು ಎಂದು ಸಾರಿದ. ಧ್ವಜ ನೆಡಲಿಲ್ಲ, ಕಲ್ಲು ಹಾಕಲಿಲ್ಲ. ನಂತರ ಹವಾಯಿಯ ಹೊನೊಲುಲುವಿಗೆ ಹೋಗಿ ಅಲ್ಲಿನ ‘ದಿ ಪಾಲಿನೇಷಿಯನ್’ ಎಂಬ ಪತ್ರಿಕೆಯಲ್ಲಿ ಡಿಸೆಂಬರ್ 8ರಂದು ಒಂದು ಪ್ರಕಟಣೆ ಕೊಡಿಸಿದ. ಅಷ್ಟೆ. ಮುಂದಿನ ನಲವತ್ತು ವರ್ಷ ಫ್ರಾನ್ಸ್ ದ್ವೀಪದ ಕಡೆ ಹೆಚ್ಚೇನೂ ತಲೆಹಾಕಲಿಲ್ಲ. 1897ರಲ್ಲಿ ಮೆಕ್ಸಿಕೊ ತನ್ನ ಧ್ವಜ ಏರಿಸಿತು. ಆಮೇಲೆ ಒಂದು ಸೈನಿಕ ತುಕಡಿ, ದೀಪಸ್ತಂಭ, ಕುಟುಂಬಗಳನ್ನೂ ಕಳುಹಿಸಿತು. 1909ರಲ್ಲಿ ಎರಡೂ ದೇಶಗಳು ಇಟಲಿಯ ದೊರೆ ಮೂರನೇ ವಿಕ್ಟರ್ ಇಮ್ಯಾನ್ಯುಯೆಲ್‌ನ ಪಂಚಾಯಿತಿಗೆ ಒಪ್ಪಿದವು.

ದೊರೆ ಕಡತ ಓದುತ್ತಿದ್ದಂತೆ ದ್ವೀಪದ ಮೇಲೆ ಇನ್ನೊಂದು ನಾಟಕ ನಡೆಯಿತು. 1914ರ ಹೊತ್ತಿಗೆ ಅಲ್ಲಿ ಸುಮಾರು ನೂರು ಜನ ಇದ್ದರು. ಮೆಕ್ಸಿಕೊದಲ್ಲಿ ಕ್ರಾಂತಿ ಭುಗಿಲೆದ್ದು ಅಕಪುಲ್ಕೊದಿಂದ ಬರುತ್ತಿದ್ದ ಆಹಾರದ ಹಡಗು ನಿಂತುಹೋಯಿತು. ದ್ವೀಪದ ಕಡೆ ಬಂದ ಅಮೆರಿಕದ ಯುದ್ಧನೌಕೆಯೊಂದು ಎಲ್ಲರನ್ನೂ ಕರೆದೊಯ್ಯುತ್ತೇನೆಂದಿತು. ತುಕಡಿಯ ಮುಖ್ಯಸ್ಥ ಕ್ಯಾಪ್ಟನ್ ರಾಮೋನ್ ಅರ್ನಾಡ್ ಒಪ್ಪಲಿಲ್ಲ. ದ್ವೀಪ ಬಿಟ್ಟರೆ ದೇಶದ ಹಕ್ಕು ಹೋಗುತ್ತದೆ ಎಂಬ ನಿಷ್ಠೆ ಇದ್ದೀತು. ಹಸಿರು ಸೊಪ್ಪು, ಹಣ್ಣು ಇಲ್ಲದೆ ಸ್ಕರ್ವಿ ರೋಗ ಬಂತು. ಜನ ಒಬ್ಬೊಬ್ಬರಾಗಿ ಸತ್ತರು. 1915ರಲ್ಲಿ ದೂರದಲ್ಲಿ ಹಡಗು ಕಂಡಂತಾಗಿ ದೋಣಿಯಲ್ಲಿ ಹೊರಟ ಅರ್ನಾಡ್ ಮುಳುಗಿ ಸತ್ತ. ಕೊನೆಗೆ ಉಳಿದ ಗಂಡಸು ದೀಪಸ್ತಂಭದ ಕಾವಲುಗಾರ ಅಲ್ವಾರೆಜ್ ಒಬ್ಬನೇ. ಅವನು ತನ್ನನ್ನು ತಾನೇ ರಾಜನೆಂದು ಕರೆದುಕೊಂಡು ಹೆಂಗಸರ ಮೇಲೆ ಹೇಳಬಾರದ ಹಿಂಸೆ ನಡೆಸಿದ. 1917ರ ಜುಲೈ 18ರಂದು ಟಿರ್ಸಾ ರೆಂಡೋನ್ ಎಂಬಾಕೆ ಅವನನ್ನು ಕೊಂದಳು. ಅದೇ ದಿನ ಅಮೆರಿಕದ ಯಾರ್ಕ್‌ಟೌನ್ ನೌಕೆ ಬಂತು. ಅದು ಹತ್ತಿಸಿಕೊಂಡದ್ದು ನಾಲ್ವರು ಹೆಂಗಸರನ್ನು, ಏಳು ಮಕ್ಕಳನ್ನು.

1931ರ ಜನವರಿ 28ರಂದು ದೊರೆಯ ತೀರ್ಪು ಹೊರಬಿತ್ತು. ದ್ವೀಪ ಫ್ರಾನ್ಸಿನದು. ಸಂಪೂರ್ಣ ನಿರ್ಜನ ನೆಲದಲ್ಲಿ ಎದುರಿಸುವವರೇ ಇಲ್ಲದಿರುವಾಗ, ಬಂದು ಸಾರಿದ ಕ್ಷಣದಿಂದಲೇ ಸ್ವಾಧೀನ ಪೂರ್ಣವಾಯಿತು ಎಂಬುದು ಅದರ ತರ್ಕ. ಹೊನೊಲುಲು ಪತ್ರಿಕೆಯ ಆ ನಾಲ್ಕು ಸಾಲು ಸಾಕ್ಷಿಯಾಗಿ ನಿಂತಿತು. ನೂರು ಜನ ಬದುಕಿ ಸತ್ತದ್ದು ಲೆಕ್ಕಕ್ಕೆ ಬರಲಿಲ್ಲ. ಪತ್ರಿಕಾ ಪ್ರಕಟಣೆಗೆ ಇಷ್ಟು ತೂಕವಿದೆ ಎಂದು ನಮ್ಮ ಜಾಹೀರಾತು ವಿಭಾಗದವರಿಗೆ ಹೇಳಬೇಕು ಎಂದುಕೊಂಡೆ. ಆ ಹನ್ನೊಂದು ಮಂದಿಯ ನೆನಪಾಗಿ ತಮಾಷೆ ನಾಲಗೆಯ ಮೇಲೆ ನಿಲ್ಲಲಿಲ್ಲ. ಈಗ ಕ್ಲಿಪ್ಪರ್ಟನ್ ನೇರವಾಗಿ ಫ್ರೆಂಚ್ ಸರ್ಕಾರದ ಕೈಯಲ್ಲಿದೆ. 200 ಮೈಲಿ ವಲಯವನ್ನು ಫ್ರಾನ್ಸ್ ಸಾರಿಕೊಂಡಿದೆ. 2007ರ ಒಪ್ಪಂದದಂತೆ ಮೆಕ್ಸಿಕೊದ ದೋಣಿಗಳು ಅಲ್ಲಿ ಟ್ಯೂನ ಹಿಡಿಯಬಹುದು.

ಹಿಕ್ಕೆಯ ಕಾಯ್ದೆ

ಅಮೆರಿಕ ಇದಕ್ಕಿಂತ ಸುಲಭದ ದಾರಿ ಹುಡುಕಿತ್ತು. ರಾಸಾಯನಿಕ ಗೊಬ್ಬರ ಬರುವ ಮುನ್ನ ಕಡಲ ಹಕ್ಕಿಗಳ ಒಣ ಹಿಕ್ಕೆ, ಅಂದರೆ ಗ್ವಾನೊ, ಹೊಲಕ್ಕೆ ಚಿನ್ನದಂಥ ಗೊಬ್ಬರವಾಗಿತ್ತು. 1856ರ ಗ್ವಾನೊ ದ್ವೀಪಗಳ ಕಾಯ್ದೆ ಪ್ರಕಾರ ಯಾವನೇ ಅಮೆರಿಕನ್ ಪ್ರಜೆ ಯಾರಿಗೂ ಸೇರದ ನಿರ್ಜನ ದ್ವೀಪದಲ್ಲಿ ಹಿಕ್ಕೆ ಕಂಡರೆ ಅದನ್ನು ಅಮೆರಿಕದ್ದೆಂದು ಪರಿಗಣಿಸಲು ಅಧ್ಯಕ್ಷರಿಗೆ ಅಧಿಕಾರ. ಹಿಕ್ಕೆ ಮುಗಿದ ಮೇಲೆ ದ್ವೀಪವನ್ನು ಇಟ್ಟುಕೊಳ್ಳಲೇಬೇಕೆಂದೇನೂ ಇಲ್ಲ! ಬೇಕರ್, ಹೌಲೆಂಡ್, ಜಾರ್ವಿಸ್, ಹೈಟಿಯ ಹತ್ತಿರದ ನವಾಸಾ ಎಲ್ಲ ಹೀಗೆ ಬಂದವು. ನವಾಸಾ ತನ್ನದೆಂದು ಹೈಟಿ ಇಂದಿಗೂ ಹೇಳುತ್ತದೆ. ಅಲ್ಲಿ ಹಿಕ್ಕೆ ಅಗೆಯಲು ಬಾಲ್ಟಿಮೋರ್‌ನಿಂದ ಕರೆತಂದ ಕರಿಯ ಕಾರ್ಮಿಕರು ಕ್ರೂರ ದುಡಿಮೆ ತಾಳದೆ 1889ರಲ್ಲಿ ದಂಗೆ ಎದ್ದರು. ಐವರು ಮೇಲ್ವಿಚಾರಕರು ಸತ್ತರು. ಸುಪ್ರೀಂ ಕೋರ್ಟ್ 1890ರಲ್ಲಿ ಆ ಬಂಡೆಯೂ ಅಮೆರಿಕದ ಕಾನೂನಿನ ಕೈಗೆ ಸೇರಿದ್ದು ಎಂದು ಮರಣದಂಡನೆಯನ್ನು ಎತ್ತಿಹಿಡಿಯಿತು. ಮರುವರ್ಷ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅದನ್ನು ಜೀವಾವಧಿಗೆ ಇಳಿಸಿದರು.

ಇವುಗಳಲ್ಲೆಲ್ಲ ವಿಚಿತ್ರ ಸ್ಥಾನಮಾನ ಇರುವುದು ಪಾಮೈರಾ ಎಂಬ ಹವಳ ದ್ವೀಪಕ್ಕೆ. ಅದು ಹವಾಯಿ ರಾಜ್ಯದ ಭಾಗವಾಗಿತ್ತು. ಹವಾಯಿಯ ಜತೆ ಅಮೆರಿಕಕ್ಕೆ ಪೂರ್ತಿ ಸೇರ್ಪಡೆಯಾಯಿತು. 1959ರಲ್ಲಿ ಹವಾಯಿ ರಾಜ್ಯವಾದಾಗ ಪಾಮೈರಾವನ್ನು ಹೊರಗಿಟ್ಟರು. ಸೇರ್ಪಡೆ ಮಾತ್ರ ರದ್ದಾಗಲಿಲ್ಲ. ಪರಿಣಾಮವಾಗಿ ಕಾಯಂ ನಿವಾಸಿಗಳೇ ಇಲ್ಲದ ಆ ದ್ವೀಪಕ್ಕೆ ಅಮೆರಿಕದ ಸಂವಿಧಾನ ಪೂರ್ತಿ ಅನ್ವಯಿಸುತ್ತದೆ. 2020ರ ಜನಗಣತಿಯಲ್ಲಿ 1,53,836 ಜನರಿದ್ದ ಗುವಾಮ್‌ಗೆ ಆ ಸ್ಥಾನವಿಲ್ಲ. 30 ಲಕ್ಷಕ್ಕೂ ಹೆಚ್ಚು ಜನರಿರುವ ಪೋರ್ಟೊರಿಕೊಗೂ ಇಲ್ಲ. 1901ರಿಂದ ಸುಪ್ರೀಂ ಕೋರ್ಟ್ ಕೊಟ್ಟ ಸಾಲು ತೀರ್ಪುಗಳು ಅವುಗಳನ್ನು ‘ಸೇರ್ಪಡೆಯಾಗದ’ ಪ್ರದೇಶವೆಂದವು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರಿಗಂತೂ ಹುಟ್ಟಿನಿಂದ ಪೌರತ್ವವೂ ಬರುವುದಿಲ್ಲ. ಏಡಿಗಳಿಗೆ ಸಂವಿಧಾನ ಸಿಕ್ಕಿತು, ಮನುಷ್ಯರು ಕೋರ್ಟಿಗೆ ಅಲೆಯುತ್ತಿದ್ದಾರೆ. ಪಟ್ಟಿಯ ಪೆಂಗ್ವಿನ್‌ಗಳನ್ನು ನೋಡಿ ನಕ್ಕವರು ಇಲ್ಲಿ ನಗುವುದು ಕಷ್ಟ.

ನಮ್ಮ ಕಡಲಿನಲ್ಲಿ

ನಮಗೂ ಇಂಥ ದ್ವೀಪಗಳಿವೆ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ. ಒಟ್ಟು ನೆಲ 32 ಚದರ ಕಿ.ಮೀ.; ಅವುಗಳಿಂದ ಭಾರತಕ್ಕೆ ಸಿಕ್ಕ ಆರ್ಥಿಕ ವಲಯ ಸುಮಾರು ನಾಲ್ಕು ಲಕ್ಷ ಚದರ ಕಿ.ಮೀ. ಉತ್ತರದ ಅಮಿನಿದಿವಿ ಗುಂಪು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿತ್ತು ಎಂಬುದು ಈಗ ಎಷ್ಟು ಜನಕ್ಕೆ ಗೊತ್ತೋ. ಆ ದ್ವೀಪದವರು ತೆಂಗಿನ ನಾರು ತುಂಬಿಕೊಂಡು ಮಂಗಳೂರು ಬಂದರಿಗೆ ಬರುತ್ತಿದ್ದರು. ಇಲ್ಲಿನ ನಿರ್ಜನ ದ್ವೀಪಗಳ ಸಮಸ್ಯೆ ಒಡೆತನದ್ದಲ್ಲ, ಉಳಿವಿನದು. ಬಂಗಾರಂ ಬಳಿಯ ಪರಳಿ ಎಂಬ ಚಿಕ್ಕ ದ್ವೀಪ ಕೊರೆತಕ್ಕೆ ಸಿಕ್ಕಿ ಕಣ್ಮರೆಯಾಯಿತೆಂದು 2017ರಲ್ಲಿ ಸಂಶೋಧಕರು ವರದಿ ಮಾಡಿದರು.

ಬಂಗಾಳ ಕೊಲ್ಲಿಯ ನ್ಯೂ ಮೂರ್ ದ್ವೀಪದ್ದೂ ಇದೇ ಕತೆ. 1970ರ ಭೋಲಾ ಚಂಡಮಾರುತದ ನಂತರ ನದೀಮುಖದಲ್ಲಿ ಎದ್ದ ಮರಳ ದಿಬ್ಬ ಅದು. ಬಾಂಗ್ಲಾದೇಶ ಅದನ್ನು ದಕ್ಷಿಣ ತಾಲಪಟ್ಟಿ ಎಂದಿತು. 1981ರಲ್ಲಿ ಭಾರತ ನೌಕೆ ಕಳುಹಿಸಿ ಧ್ವಜ ಹಾರಿಸಿತು. 2010ರ ವೇಳೆಗೆ ಅದು ಪೂರ್ತಿ ಮುಳುಗಿದೆ ಎಂದು ಕೋಲ್ಕತ್ತದ ಜಾಧವಪುರ ವಿಶ್ವವಿದ್ಯಾಲಯದ ಸಾಗರ ವಿಜ್ಞಾನಿಗಳು ಹೇಳಿದರು. 2014ರ ಜುಲೈ 7ರ ಅಂತರರಾಷ್ಟ್ರೀಯ ತೀರ್ಪು ವಿವಾದಿತ 25,602 ಚದರ ಕಿ.ಮೀ. ಸಮುದ್ರದಲ್ಲಿ 19,467 ಚದರ ಕಿ.ಮೀ. ಬಾಂಗ್ಲಾದೇಶಕ್ಕೆ ಕೊಟ್ಟಿತು. ಗೆರೆ ಎಳೆಯಲು ನ್ಯೂ ಮೂರ್ ಅನ್ನು ಆಧಾರವಾಗಿ ಹಿಡಿಯಲಿಲ್ಲ. ದ್ವೀಪವಿದ್ದ ಜಾಗ ನಮ್ಮ ಕಡೆ ಉಳಿಯಿತು, ದ್ವೀಪವಿರಲಿಲ್ಲ.

ಲಕ್ಷದ್ವೀಪದಿಂದ ದಕ್ಷಿಣಕ್ಕೆ ನೀರಿನಡಿಯಲ್ಲಿ ಒಂದು ಉದ್ದನೆಯ ಪರ್ವತಸಾಲಿದೆ. ಮಾಲ್ಡೀವ್ಸ್ ಅದರ ನಡುವೆ. ತುದಿಯಲ್ಲಿ ಚಾಗೋಸ್ ದ್ವೀಪಗಳು. ಸಂಕೇತಗಳ ಪಟ್ಟಿಯಲ್ಲಿ ಇವಕ್ಕೆ ‘ಐಒ’. ಸಾಫ್ಟ್‌ವೇರ್ ಕಂಪನಿಗಳ ಜಾಲತಾಣದ ವಿಳಾಸದ ಕೊನೆಯಲ್ಲಿ ನೀವು ಕಾಣುವ ‘ಡಾಟ್ ಐಒ’ ಇಲ್ಲಿಯದೇ. ಹರ್ಡ್ ಇದ್ದ ಆ ಸುಂಕದ ಪಟ್ಟಿಯಲ್ಲಿ ಇವೂ ಇದ್ದವು. ಡಿಯೆಗೊ ಗಾರ್ಸಿಯದ ಸೈನಿಕ ನೆಲೆಯನ್ನು ಬಿಟ್ಟರೆ ಇವನ್ನೂ ನಿರ್ಜನ ದ್ವೀಪಗಳೆಂದೇ ಬರೆಯುತ್ತಾರೆ. ನಾನೂ ಬರೆದಿದ್ದೇನೆ.

ಆದರೆ ಇಲ್ಲಿ ಜನರಿದ್ದರು. ಹದಿನೆಂಟನೆಯ ಶತಮಾನದ ಕೊನೆಯಿಂದ ತೆಂಗಿನ ತೋಟಗಳಿಗಾಗಿ ಆಫ್ರಿಕದಿಂದ, ಮಡಗಾಸ್ಕರ್‌ನಿಂದ ಗುಲಾಮರಾಗಿ ತಂದವರ, ಆಮೇಲೆ ಭಾರತದಿಂದ ಕೂಲಿಗಳಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ಅವರದೇ ಕ್ರಿಯೋಲ್ ಮಾತು, ಇಗರ್ಜಿ, ಗೋರಿಗಳು. 1965ರಲ್ಲಿ ಬ್ರಿಟನ್ ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮೊದಲು ಚಾಗೋಸನ್ನು ಅದರಿಂದ ಕತ್ತರಿಸಿ ಪ್ರತ್ಯೇಕ ವಸಾಹತು ಮಾಡಿತು. ಮರುವರ್ಷ ಅಮೆರಿಕಕ್ಕೆ ಸೈನಿಕ ನೆಲೆಗಾಗಿ ಕೊಡುವ ಒಪ್ಪಂದವಾಯಿತು. ವಸಾಹತಿನಲ್ಲಿ ಕಾಯಂ ಜನರಿದ್ದರೆ ಅವರ ಹಿತಕ್ಕೆ ವಿಶ್ವಸಂಸ್ಥೆಯ ಮುಂದೆ ಉತ್ತರ ಹೇಳಬೇಕು. ಜನರೇ ಇಲ್ಲವೆಂದರೆ ಆ ತಾಪತ್ರಯವಿಲ್ಲ. ಹಾಗಾಗಿ ಅವರೆಲ್ಲ ಗುತ್ತಿಗೆ ಕೂಲಿಗಳು, ಕಾಯಂ ನಿವಾಸಿಗಳಲ್ಲ ಎಂದು ಲಂಡನ್ನಿನ ಅಧಿಕಾರಿಗಳು ಕಡತದಲ್ಲಿ ಬರೆದುಕೊಂಡರು. ಕಡತಕ್ಕೆ ತಕ್ಕಂತೆ ನೆಲವನ್ನು ಖಾಲಿ ಮಾಡಿಸಿದರು. ಚಿಕಿತ್ಸೆಗೆಂದೋ ನೆಂಟರನ್ನು ನೋಡಲೆಂದೋ ಮಾರಿಷಸ್‌ಗೆ ಹೋದವರಿಗೆ ವಾಪಸು ಹಡಗು ಇಲ್ಲವೆಂದರು. 1971ರಲ್ಲಿ ಡಿಯೆಗೊ ಗಾರ್ಸಿಯದವರ ಸಾಕುನಾಯಿಗಳನ್ನು ಕೂಡಿಹಾಕಿ ವಿಷಾನಿಲ ಬಿಟ್ಟು ಕೊಂದು, ಜನರನ್ನು ಹಡಗು ಹತ್ತಿಸಿದರು. 1973ರಲ್ಲಿ ಪೆರೋಸ್ ಬಾನ್ಯೋಸ್ ದ್ವೀಪದ ಕೊನೆಯ ಕುಟುಂಬಗಳೂ ಹೋದವು. ಒಟ್ಟು ಸುಮಾರು ಒಂದೂವರೆ ಸಾವಿರದಿಂದ ಎರಡು ಸಾವಿರ ಜನ.

2000ದಲ್ಲಿ ಲಂಡನ್ನಿನ ಹೈಕೋರ್ಟ್ ಈ ಎತ್ತಂಗಡಿ ಕಾನೂನುಬಾಹಿರ ಎಂದಿತು. 2004ರಲ್ಲಿ ರಾಣಿಯ ಆಜ್ಞೆಯ ಮೂಲಕ ಮತ್ತೆ ದಾರಿ ಮುಚ್ಚಿದರು. 2008ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ಮೂರಕ್ಕೆ ಎರಡರಂತೆ ಸರ್ಕಾರದ ಪರ ನಿಂತರು. 2010ರಲ್ಲಿ ಸುತ್ತಲ ಕಡಲನ್ನು ಸಂರಕ್ಷಿತ ವಲಯವೆಂದು ಘೋಷಿಸಿ ಮೀನುಗಾರಿಕೆ ನಿಷೇಧಿಸಿದರು. ಅದು ಅಕ್ರಮವೆಂದು 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಲಿ ಹೇಳಿತು. 2019ರ ಫೆಬ್ರುವರಿ 25ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿದ್ದೇ ತಪ್ಪು ಎಂದು ಅಭಿಪ್ರಾಯ ನೀಡಿತು. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯೆಗೊ ಗಾರ್ಸಿಯದ ನೆಲೆ 99 ವರ್ಷ ಬ್ರಿಟನ್ ಕೈಯಲ್ಲೇ. ಉಳಿದ ದ್ವೀಪಗಳಲ್ಲಿ ಜನರನ್ನು ಮತ್ತೆ ನೆಲೆಗೊಳಿಸಲು ಮಾರಿಷಸ್‌ಗೆ ಆ ಒಪ್ಪಂದ ಅವಕಾಶ ಕೊಡುತ್ತದೆ. ತಮ್ಮನ್ನು ಕೇಳದೆಯೇ ಇದನ್ನೂ ಬರೆದರು ಎಂದು ಹಲವು ಚಾಗೋಸಿಯನ್ನರು ಸಿಟ್ಟಾಗಿದ್ದಾರೆ.

ಆ ಹಿರಿಯ ಓದುಗರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, ಚಾಗೋಸಿನವರು ಈಗ ಎಲ್ಲಿದ್ದಾರೆ ಎಂದು ಕೇಳಿದರು. ಬಹಳಷ್ಟು ಜನ ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಯ ಬಡ ಬಡಾವಣೆಗಳಲ್ಲಿ, ಕೆಲವರು ಸೇಷಲ್ಸ್‌ನಲ್ಲಿ, ಇನ್ನು ಕೆಲವರು ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಪಕ್ಕದ ಕ್ರಾಲಿ ಎಂಬ ಊರಿನಲ್ಲಿ.